ಸೌದೆ ಒಡೆಯುವ ಮೆಷಿನ್: ಫ್ಲೈವೀಲ್ ಇರುವುದೋ, ಹೈಡ್ರಾಲಿಕ್ಕೋ? ಗೇರು, ಹುಣಸೆ ಒಡೆದವರು ಹೇಳಿ

ಬೆಳ್ಮಣ್ಣು ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಳ್ಮಣ್ಣಿನ ಹತ್ತಿರ. ಮೂರು ಎಕರೆ ಅಡಿಕೆ ತೋಟ, ಅದರ ಮೇಲಿನ ಗುಡ್ಡೆಯಲ್ಲಿ ಅಜ್ಜನ ಕಾಲದ ಗೇರು ಮರಗಳು. ಕಳೆದ ಮಳೆಗಾಲದ ಆಟಿ ತಿಂಗಳ ಗಾಳಿಗೆ ಆರು ಗೇರು, ಒಂದು ಮಾವು, ಬಾವಿ ಹತ್ತಿರದ ದೊಡ್ಡ ಹುಣಸೆ ಎಲ್ಲ ಬಿದ್ದವು. ಮರ ಕೊಯ್ಯುವ ಮೆಷಿನ್ ತರಿಸಿ ಒಂದೂವರೆ ಅಡಿಯ ತುಂಡು ಮಾಡಿ ಇಟ್ಟಿದ್ದೇನೆ. ಒಡೆಯುವವರು ಸಿಗುತ್ತಿಲ್ಲ.

ಮೂವತ್ತು ವರ್ಷದಿಂದ ನಮ್ಮಲ್ಲಿ ಸೌದೆ ಒಡೆಯುತ್ತಿದ್ದ ಅಜ್ಜನಿಗೆ ಈಗ ಎಪ್ಪತ್ತು ದಾಟಿದೆ. ಮೊನ್ನೆ ಬಂದು ರಾಶಿ ನೋಡಿದರು. ಹುಣಸೆಯ ತುಂಡಿಗೆ ಕೊಡಲಿಯಿಂದ ಎರಡು ಏಟು ಹಾಕಿದರು. ಅಚ್ಚು ಮಾತ್ರ ಬಿತ್ತು. "ಇದು ಇನ್ನು ನನ್ನಿಂದ ಆಗಲಿಕ್ಕಿಲ್ಲ ಮಗಾ" ಅಂದರು. ಅವರ ಮುಖ ನೋಡಿ ನನಗೆ ತುಂಬ ಬೇಸರವಾಯಿತು.

ಹಾಗಾಗಿ ಮೆಷಿನ್ ತೆಗೆದುಕೊಳ್ಳುವ ಆಲೋಚನೆ. ಎರಡು ನಮೂನೆ ನೋಡಿದೆ. ಒಂದು ಫ್ಲೈವೀಲ್, ಅಂದರೆ ಭಾರದ ಚಕ್ರ ಇರುವ ಕೈನೆಟಿಕ್. ಮಾರುವವರು "ಮೂರು ಸೆಕೆಂಡಿಗೆ ಒಂದು ಏಟು" ಅನ್ನುತ್ತಾರೆ. ಇನ್ನೊಂದು ಆಯಿಲಿನ ಒತ್ತಡದಿಂದ ನಡೆಯುವ ಹೈಡ್ರಾಲಿಕ್. ಅದರವರು "16 ಟನ್" ಅನ್ನುತ್ತಾರೆ. ಒಬ್ಬರು ಸೆಕೆಂಡಿನ ಲೆಕ್ಕ ಕೊಡುತ್ತಾರೆ, ಇನ್ನೊಬ್ಬರು ಟನ್ನಿನ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ?

ಮನೆಯಲ್ಲಿ ಸ್ನಾನದ ಹಂಡೆಗೂ, ಕುಚ್ಚಲಕ್ಕಿ ಬೇಯಿಸಲಿಕ್ಕೂ ಸೌದೆಯೇ. ಗ್ಯಾಸ್ ಇದೆ, ಆದರೆ ಅಮ್ಮ ಅದರಲ್ಲಿ ಕುಚ್ಚಲಕ್ಕಿ ಇಡುವುದಿಲ್ಲ. ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಯ ಒಳಗೆ ಸೌದೆಯೆಲ್ಲ ಕೊಟ್ಟಿಗೆ ಸೇರಬೇಕು. ಬಳಸಿದವರು ದಯವಿಟ್ಟು ಹೇಳಿ.

ಸುಳ್ಯ ರಬ್ಬರ್

ಕಣ್ಣು ಮುಚ್ಚಿ ಕೈನೆಟಿಕ್ ತೆಗೊಳ್ಳಿ. ನಾನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ರಬ್ಬರ್ ಶೀಟ್ ಒಣಗಿಸುವ ಸ್ಮೋಕ್ ಹೌಸಿಗೆ ನಮಗೆ ವರ್ಷಪೂರ್ತಿ ಸೌದೆ ಬೇಕು. ಹಳೇ ರಬ್ಬರ್ ಕಡಿದಾಗ ದೊಡ್ಡ ಮರ ಲಾರಿಯಲ್ಲಿ ಹೋಗುತ್ತದೆ, ಕೊಂಬೆಗಳು ನಮಗೆ ಉಳಿಯುತ್ತವೆ. ಅವನ್ನೆಲ್ಲ ಇದರಲ್ಲೇ ಒಡೆಯುವುದು.

ಕೆಲಸ ಮಾಡುವ ರೀತಿ ಸರಳ. ಎರಡು ಭಾರದ ಚಕ್ರಗಳು ಒಂದೇ ಸಮನೆ ತಿರುಗುತ್ತಿರುತ್ತವೆ. ಹಿಡಿಕೆ ಎಳೆದರೆ ಹಲ್ಲಿನ ಪಟ್ಟಿ ಗೇರ್ ಚಕ್ರಕ್ಕೆ ಕಚ್ಚಿಕೊಂಡು ಮುಂದೆ ಹಾರುತ್ತದೆ. ತುಂಡು ಹೋಗಿ ಬೆಣೆಗೆ ಬಡಿಯುತ್ತದೆ. ಟಪ್ ಅಂತ ಎರಡು ಹೋಳು. ಸ್ಪ್ರಿಂಗ್ ಪಟ್ಟಿಯನ್ನು ವಾಪಸ್ ಎಳೆದುಕೊಳ್ಳುತ್ತದೆ. ನೀವು ಇನ್ನೊಂದು ತುಂಡಿಗೆ ಬಗ್ಗುವ ಮೊದಲೇ ಅದು ರೆಡಿ. ಆಯಿಲ್ ಟ್ಯಾಂಕ್ ಇಲ್ಲ, ಹೋಸ್ ಇಲ್ಲ, ಸೋರುವುದು ಅಂತ ಇಲ್ಲವೇ ಇಲ್ಲ.

ಪಕ್ಕದ ಮನೆಯವರ ಹೈಡ್ರಾಲಿಕ್ ನೋಡಿದ್ದೇನೆ. ನಿಧಾನಕ್ಕೆ ಹೋಗುತ್ತದೆ, ನಿಧಾನಕ್ಕೆ ಬರುತ್ತದೆ. ಕಾಯುತ್ತಾ ನಿಲ್ಲುವುದೇ ಒಂದು ಕೆಲಸ.

ಬೈಕಂಪಾಡಿ ವರ್ಕ್‌ಶಾಪ್

ಸುಳ್ಯದ ಅಣ್ಣ ಹೇಳಿದ್ದು ರಬ್ಬರಿಗೆ ನೂರಕ್ಕೆ ನೂರು ಸರಿ. ಆದರೆ ಬೆಳ್ಮಣ್ಣಿನವರ ಹತ್ತಿರ ಇರುವುದು ರಬ್ಬರ್ ಅಲ್ಲ. ಗೇರು, ಮಾವು, ಹುಣಸೆ. ಅಲ್ಲಿಂದಲೇ ಮಾತು ಬೇರೆ ಆಗುತ್ತದೆ.

ನಾನು ಎರಡೂ ನಮೂನೆ ರಿಪೇರಿ ಮಾಡುತ್ತೇನೆ. ನನ್ನ ಹತ್ತಿರ ಬರುವ ಕೈನೆಟಿಕ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ಹಲ್ಲಿನ ಪಟ್ಟಿ ಸವೆದಿದೆ, ಅಥವಾ ಗೇರ್ ಚಕ್ರದ ಹಲ್ಲು ಮುರಿದಿದೆ. ಕಾರಣ ಕೇಳಿದರೆ ಯಾವಾಗಲೂ ಗಂಟಿನ ಮರ, ಕವಲಿನ ಮರ. ಒಡೆಯದ ತುಂಡಿಗೆ ಮತ್ತೆ ಮತ್ತೆ ಹೊಡೆಸಿರುತ್ತಾರೆ. ಇನ್ನೊಂದು ತಪ್ಪು, ಚಕ್ರ ಪೂರ್ತಿ ವೇಗಕ್ಕೆ ಬರುವ ಮೊದಲೇ ಹಿಡಿಕೆ ಎಳೆಯುವುದು. ಹಲ್ಲಿಗೆ ಹಲ್ಲು ಸರಿಯಾಗಿ ಕೂರುವುದಿಲ್ಲ, ತುದಿ ಕಿತ್ತು ಹೋಗುತ್ತದೆ.

ಹೈಡ್ರಾಲಿಕ್‌ನಲ್ಲಿ ಪಂಪ್ ಆಯಿಲನ್ನು ಸಿಲಿಂಡರಿಗೆ ನೂಕುತ್ತದೆ, ಪಿಸ್ಟನ್ ಮರವನ್ನು ಬೆಣೆಗೆ ಒತ್ತುತ್ತದೆ. ಏಟು ಅಂತ ಇಲ್ಲ, ಒತ್ತುವುದು ಅಷ್ಟೇ. ಒಳ್ಳೆಯ ಮೆಷಿನ್‌ಗಳಲ್ಲಿ ಎರಡು ಹಂತದ ಪಂಪ್ ಇರುತ್ತದೆ. ಮರಕ್ಕೆ ತಾಗುವವರೆಗೆ ಜಾಸ್ತಿ ಆಯಿಲ್, ಕಡಿಮೆ ಒತ್ತಡ. ಹಾಗಾಗಿ ಬೇಗ ಹೋಗುತ್ತದೆ. ಮರ ಎದುರು ನಿಂತ ಕೂಡಲೇ ಕಡಿಮೆ ಆಯಿಲ್, ಜಾಸ್ತಿ ಒತ್ತಡ. ಸುಳ್ಯದವರು ನೋಡಿದ ಮೆಷಿನ್ ಬಹುಶಃ ಒಂದೇ ಹಂತದ್ದು. ತೆಗೆದುಕೊಳ್ಳುವಾಗ ಇದೊಂದನ್ನು ಮರೆಯದೆ ಕೇಳಿ.

ಇನ್ನು 16 ಟನ್ನಿನ ವಿಷಯ. ಸ್ಟಿಕರ್ ನಂಬಬೇಡಿ, ಅಳತೆ ಹಾಕಿ. ಸಿಲಿಂಡರಿನ ಒಳಗಿನ ಅಗಲ 100 ಮಿಲಿಮೀಟರ್ ಇದ್ದರೆ ಪಿಸ್ಟನ್ನಿನ ಮುಖ 78.5 ಚದರ ಸೆಂಟಿಮೀಟರ್. ಒತ್ತಡ 200 ಬಾರ್ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 204 ಕೆಜಿ. ಗುಣಿಸಿದರೆ 16,000 ಕೆಜಿ, ಅಂದರೆ 16 ಟನ್. ಸರಿ ಹೋಯಿತು. ಆದರೆ 63 ಮಿಲಿಮೀಟರ್ ಸಿಲಿಂಡರ್ ಹಾಕಿ ಮೇಲೆ 16 ಟನ್ ಅಂತ ಬರೆದಿದ್ದರೆ? ಅಷ್ಟು ಬರಬೇಕಾದರೆ 500 ಬಾರ್ ಬೇಕು. ಮಾಮೂಲಿ ಗೇರ್ ಪಂಪ್ ಅದರ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ. 200 ಬಾರಿಗೆ ಆ ಸಿಲಿಂಡರ್ ಕೊಡುವುದು ಆರೂವರೆ ಟನ್ನಿಗಿಂತ ಕಡಿಮೆ. ಅಂಗಡಿಗೆ ಹೋಗುವಾಗ ಒಂದು ಟೇಪ್ ಜೇಬಿನಲ್ಲಿರಲಿ. ಹೊರಗಿನ ಅಳತೆಯಿಂದ ಎರಡೂ ಬದಿಯ ಗೋಡೆಯ ದಪ್ಪ ಕಳೆಯುವುದನ್ನು ಮರೆಯಬೇಡಿ.

ಬೆಳ್ಮಣ್ಣು ತೋಟ

ತುಂಬ ಉಪಕಾರ ಅಣ್ಣ. ಟೇಪಿನ ವಿಷಯ ಯಾರೂ ಹೇಳಿರಲಿಲ್ಲ. ಆದರೆ ಕೈನೆಟಿಕ್ ಮಾರುವವರೂ ತಮ್ಮದಕ್ಕೆ ಟನ್ ಲೆಕ್ಕ ಕೊಡುತ್ತಾರಲ್ಲ? ಅದರಲ್ಲಿ ಸಿಲಿಂಡರೇ ಇಲ್ಲ. ಅದನ್ನು ಅಳೆಯುವುದು ಹೇಗೆ?

ಮೂಡುಬಿದಿರೆ ಟೀಚರ್

ಒಳ್ಳೆಯ ಪ್ರಶ್ನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ತಲಾ 35 ಕೆಜಿಯ ಎರಡು ಚಕ್ರ, ಅರ್ಧ ಮೀಟರ್ ಅಗಲ, ನಿಮಿಷಕ್ಕೆ 300 ಸುತ್ತು. ಚಕ್ರ ಎಲ್ಲ ಕಡೆ ಒಂದೇ ದಪ್ಪ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಅದರಲ್ಲಿ ಕೂಡಿಟ್ಟ ಶಕ್ತಿ ಸುಮಾರು 1,080 ಜೂಲ್. ಎರಡೂವರೆ ಕೆಜಿಯ ಕೊಡಲಿಯನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬೀಸಿದರೆ 125 ಜೂಲ್. ಅಂದರೆ ಎಂಟಕ್ಕಿಂತ ಜಾಸ್ತಿ ಕೊಡಲಿ ಏಟು ಒಟ್ಟಿಗೆ ಬಿದ್ದ ಹಾಗೆ. ಸಣ್ಣದಲ್ಲ.

ಈಗ ಮುಖ್ಯ ವಿಷಯ. ಇದು ಕೂಡಿಟ್ಟ ಶಕ್ತಿ. ಒಂದು ಏಟಿಗೆ ಅಷ್ಟೇ ಸಿಗುವುದು. ಮರ ಒಂದು ಸೆಂಟಿಮೀಟರ್ ಒಳಗೆ ಬಾಯಿ ಬಿಟ್ಟರೆ, ಆ ಶಕ್ತಿಯೆಲ್ಲ ಒಂದು ಸೆಂಟಿಮೀಟರಿನಲ್ಲಿ ಖರ್ಚಾಗುತ್ತದೆ. ಆಗ ಸರಾಸರಿ ಬಲ ಸುಮಾರು 11 ಟನ್. ಮಾರುವವರು ಹೇಳುವ ಟನ್ ಲೆಕ್ಕ ಇಂಥದ್ದೇ ಯಾವುದೋ ಸಂದರ್ಭದ್ದು. ಆದರೆ ಮರದ ನಾರು ಬಿಡದೆ ಹಿಡಿದುಕೊಂಡು, ಬೆಣೆ 10 ಸೆಂಟಿಮೀಟರ್ ಒಳಗೆ ಹೋಗಬೇಕಾದರೆ? ಅದೇ 1,080 ಜೂಲ್ ಹತ್ತು ಸೆಂಟಿಮೀಟರಿಗೆ ಹಂಚಿ ಹೋಗುತ್ತದೆ. ಸರಾಸರಿ ಬಲ ಒಂದು ಟನ್ ಚಿಲ್ಲರೆ ಮಾತ್ರ. ಹೈಡ್ರಾಲಿಕ್‌ನಲ್ಲಿ ಹಾಗಿಲ್ಲ. ಮೊದಲ ಸೆಂಟಿಮೀಟರಿಗೂ 16 ಟನ್, ಕೊನೆಯ ಸೆಂಟಿಮೀಟರಿಗೂ 16 ಟನ್. ಬೇಕಾದಷ್ಟು ಹೊತ್ತು.

ರಬ್ಬರ್, ಹಲಸಿನ ನೆಟ್ಟನೆಯ ಭಾಗ, ಹಸಿ ಗಾಳಿಮರ, ಇವೆಲ್ಲ ಬಿರುಕು ಬಿಟ್ಟರೆ ಅದು ತಾನಾಗಿ ಓಡುತ್ತದೆ. ಅಲ್ಲಿ ಏಟು ಸಾಕು. ಹುಣಸೆಯಲ್ಲಿ ನಾರು ನೆಟ್ಟಗಿರುವುದಿಲ್ಲ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಬಿರುಕು ಓಡುವುದಿಲ್ಲ, ಬೆಣೆಯ ತುದಿಯಲ್ಲೇ ನಿಲ್ಲುತ್ತದೆ. ಅಲ್ಲಿ ಕೊನೆಯವರೆಗೂ ಒತ್ತುವವರು ಬೇಕು.

ವೇಗದ ಬಗ್ಗೆಯೂ ಒಂದು ಮಾತು. ಚಕ್ರದ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗೆಯೇ ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಕಾಲು ಭಾಗ. ವರ್ಕ್‌ಶಾಪ್ ಅಣ್ಣ ಹೇಳಿದ ಹಾಗೆ ಚಕ್ರ ವೇಗಕ್ಕೆ ಬರುವವರೆಗೆ ಕಾಯಬೇಕು ಅನ್ನುವುದು ಹಲ್ಲು ಉಳಿಸುವುದಕ್ಕೆ ಮಾತ್ರ ಅಲ್ಲ.

ಸುಳ್ಯ ರಬ್ಬರ್

ಟೀಚರ್, ಲೆಕ್ಕ ಒಪ್ಪಿದೆ. ಈ ರೀತಿ ಯಾರೂ ಬಿಡಿಸಿ ಹೇಳಿರಲಿಲ್ಲ. ಆದರೆ ನನ್ನ ಅನುಭವವನ್ನೂ ಸೇರಿಸಿಕೊಳ್ಳಿ. ಗಂಟಿನ ತುಂಡು ಒಂದು ಏಟಿಗೆ ಒಡೆಯದಿದ್ದರೆ ವಾಪಸ್ ತಂದು, ಮೂರು ಸೆಕೆಂಡ್ ಬಿಟ್ಟು ಇನ್ನೊಂದು ಏಟು. ಹೆಚ್ಚಿನದು ಎರಡಕ್ಕೆ ಹೋಗುತ್ತದೆ. ಎರಡು ಏಟು ಹಾಕಿದರೂ ಹೈಡ್ರಾಲಿಕ್‌ಗಿಂತ ಬೇಗ. ಮೂರಕ್ಕೂ ಹೋಗದಿದ್ದರೆ ನಾನು ಅದನ್ನು ಬದಿಗೆ ಇಡುತ್ತೇನೆ, ಹಟ ಮಾಡುವುದಿಲ್ಲ. ಅದಕ್ಕೇ ನನ್ನ ಹಲ್ಲಿನ ಪಟ್ಟಿ ನಾಲ್ಕು ವರ್ಷದಿಂದ ಚೆನ್ನಾಗಿದೆ.

ಇನ್ನೊಂದು, ಕೈನೆಟಿಕ್‌ಗೆ ಸಣ್ಣ ಎಂಜಿನ್ ಸಾಕು. ಪೆಟ್ರೋಲ್ ಖರ್ಚು ನೋಡಿ.

ಮೂಡುಬಿದಿರೆ ಟೀಚರ್

ಹೌದು, ಅದು ನಿಜವಾದ ಲಾಭ. ಎರಡು ಏಟಿನ ನಡುವೆ ಎಂಜಿನ್ ಚಕ್ರಕ್ಕೆ ಶಕ್ತಿ ತುಂಬುತ್ತಲೇ ಇರುತ್ತದೆ. 1,080 ಜೂಲ್ ತುಂಬಲು 1 ಎಚ್‌ಪಿ ಮೋಟಾರಿಗೆ ಒಂದೂವರೆ ಸೆಕೆಂಡ್ ಸಾಕು. ಹೈಡ್ರಾಲಿಕ್‌ನಲ್ಲಿ ಕೂಡಿಡುವುದು ಏನೂ ಇಲ್ಲ. ಒತ್ತುವ ಹೊತ್ತಿನಲ್ಲಿ ಎಂಜಿನ್ನೇ ಪೂರ್ತಿ ಕೊಡಬೇಕು. 5 ಎಚ್‌ಪಿ ಎಂಜಿನ್, 100 ಮಿಲಿಮೀಟರ್ ಸಿಲಿಂಡರ್, ಪೂರ್ತಿ ಒತ್ತಡ ಅಂದರೆ ಪಿಸ್ಟನ್ ಸೆಕೆಂಡಿಗೆ ಎರಡು ಸೆಂಟಿಮೀಟರ್ ಆಸುಪಾಸು ಹೋಗುತ್ತದೆ. ಅದಕ್ಕಿಂತ ಬೇಗ ಬೇಕು ಅಂದರೆ ದೊಡ್ಡ ಎಂಜಿನ್ ಬೇಕು. ಬಲ ಮತ್ತು ವೇಗ ಎರಡೂ ಸುಮ್ನೆ ಸಿಗುವುದಿಲ್ಲ.

ಉಡುಪಿ ಅಡುಗೆ

ನಾನು ಮೆಷಿನ್ ತಿಳಿದವನಲ್ಲ. ಇಪ್ಪತ್ತೆರಡು ವರ್ಷದಿಂದ ಮದುವೆ, ಬ್ರಹ್ಮಕಲಶ, ದೇವಸ್ಥಾನದ ಅನ್ನಸಂತರ್ಪಣೆಗೆ ಅಡುಗೆ ಮಾಡುತ್ತಿದ್ದೇನೆ. ಸೌದೆಯ ಜೊತೆಗೇ ನನ್ನ ಬದುಕು. ಹಾಗಾಗಿ ಒಲೆಯ ಮುಂದೆ ನಿಲ್ಲುವವನ ಮಾತು ಹೇಳುತ್ತೇನೆ.

ನಮಗೆ ಎಲ್ಲ ಸೌದೆ ಒಂದೇ ದಪ್ಪ ಇದ್ದರೆ ಆಗುವುದಿಲ್ಲ. ಅನ್ನದ ಕೊಪ್ಪರಿಗೆಗೆ ತೋಳಿನಷ್ಟು ದಪ್ಪದ ಗೇರು, ಮಾವು ಬೇಕು. ಒಂದು ಸಲ ಹಿಡಿದರೆ ಒಂದೇ ಹದದಲ್ಲಿ ಉರಿಯಬೇಕು. ಪಾಯಸಕ್ಕೆ ಬೆಲ್ಲ ಹಾಕಿದ ಮೇಲೆ ಉರಿ ಇಳಿಯಬೇಕು, ಆಗ ದಪ್ಪ ಕೊಳ್ಳಿ ಎಳೆದು ಸಣ್ಣ ಸೀಳು ಇಡುತ್ತೇವೆ. ಹೋಳಿಗೆಯ ಕಾವಲಿಗೆ ಬೆರಳು ದಪ್ಪದ ಸೀಳು, ಗೆರಟೆ, ಕೊತ್ತಳಿಗೆ. ಒಡೆಯುವವರು ಇದನ್ನು ತಿಳಿದಿರಬೇಕು. ನನಗೆ ಸೌದೆ ಕೊಡುವವರೊಬ್ಬರು ಹೈಡ್ರಾಲಿಕ್ ಇಟ್ಟಿದ್ದಾರೆ. ಅದನ್ನು ಅರ್ಧದಲ್ಲಿ ನಿಲ್ಲಿಸಬಹುದು, ತುಂಡು ತಿರುಗಿಸಬಹುದು, ಮತ್ತೆ ಒತ್ತಬಹುದು. ಸಣ್ಣ ಸೀಳು ಬೇಕಾದರೆ ಹಾಗೆ ಬಿಡಿಸಿಕೊಡುತ್ತಾರೆ. ಏಟು ಹೊಡೆಯುವ ಮೆಷಿನ್ ಅರ್ಧಕ್ಕೆ ನಿಲ್ಲುವುದಿಲ್ಲ ಅಲ್ವಾ?

ಉಡುಪಿಯವರಿಗೆ ಕಟ್ಟಿಗೆಯ ಬೆಲೆ ಹೇಳಿಕೊಡಬೇಕಾಗಿಲ್ಲ. ಕೃಷ್ಣ ಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಕೈ ಬದಲಾಗುವ ಪರ್ಯಾಯದ ಮೊದಲು ನಾಲ್ಕು ಮುಹೂರ್ತ ಆಗುತ್ತದೆ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಮಧ್ವ ಸರೋವರದ ಹತ್ತಿರ ಕಟ್ಟಿಗೆಯನ್ನು ರಥದ ಆಕಾರದಲ್ಲಿ ಪೇರಿಸುತ್ತಾರೆ. ಒಂದೊಂದು ತುಂಡನ್ನೂ ಜೋಡಿಸಿ ಅಷ್ಟು ಎತ್ತರಕ್ಕೆ ತರುವುದನ್ನು ನಾನು ಚಿಕ್ಕವನಿದ್ದಾಗಿಂದ ನೋಡುತ್ತಿದ್ದೇನೆ. ಈಗಲೂ ಅದರ ಮುಂದೆ ನಿಂತರೆ ಮನಸ್ಸು ತುಂಬುತ್ತದೆ. ಜನವರಿ 18ಕ್ಕೆ ಪರ್ಯಾಯ, ಕಟ್ಟಿಗೆ ಮುಹೂರ್ತ ಅದಕ್ಕೆ ಎಷ್ಟೋ ತಿಂಗಳು ಮೊದಲು. ಕಟ್ಟಿಗೆಯ ವಿಷಯದಲ್ಲಿ ನಮ್ಮ ಹಿರಿಯರು ಮೊದಲೇ ಎಚ್ಚರ ಇದ್ದರು.

ಬೆಳ್ಮಣ್ಣಿನವರೇ, ಮೆಷಿನ್ ಯಾವುದೇ ಇರಲಿ, ಬೇಗ ಒಡೆಯಿರಿ. ಇಡೀ ತುಂಡು ವರ್ಷ ಇಟ್ಟರೂ ಒಳಗೆ ಹಸಿಯೇ. ಒಡೆದದ್ದು ಎರಡು ಬೇಸಿಗೆ ತಿಂಗಳಲ್ಲಿ ಟಣ್ ಅನ್ನುತ್ತದೆ.

ಹೆಬ್ರಿ ಮನೆ

ನನ್ನದೊಂದು ಮಾತು ದಯವಿಟ್ಟು ಎಲ್ಲರೂ ಓದಿ. ಕಳೆದ ವರ್ಷ ನಮ್ಮ ಮನೆಯವರ ಎಡಗೈಯ ಎರಡು ಬೆರಳ ತುದಿ ಹೋಯಿತು. ಬಾಡಿಗೆಗೆ ತಂದ ಮೆಷಿನ್. ಇವರು ತುಂಡು ಹಿಡಿದುಕೊಳ್ಳುತ್ತಿದ್ದರು, ಇನ್ನೊಬ್ಬ ಹುಡುಗ ಹಿಡಿಕೆ ಎಳೆಯುತ್ತಿದ್ದ. ಇಡೀ ಬೆಳಿಗ್ಗೆ ಸರಿಯಾಗಿಯೇ ನಡೆಯಿತು. ಮಧ್ಯಾಹ್ನ ಇವರು "ತಡಿ" ಅಂದದ್ದು ಎಂಜಿನ್ ಶಬ್ದಕ್ಕೆ ಅವನಿಗೆ "ನಡಿ" ಅಂತ ಕೇಳಿಸಿತು. ಅಷ್ಟೇ.

ಯಾರು ತುಂಡು ಇಡುತ್ತಾರೋ ಅವರೇ ಹಿಡಿಕೆ ಎಳೆಯಬೇಕು. ಇನ್ನೊಬ್ಬರು ಒಡೆದದ್ದನ್ನು ಒಯ್ದು ಪೇರಿಸಲಿ, ಮೆಷಿನ್ ಹತ್ತಿರ ಬರುವುದೇ ಬೇಡ. ಯುರೋಪಿನಲ್ಲಿ ಎರಡೂ ಕೈ ಹಿಡಿಕೆಯ ಮೇಲೆ ಇದ್ದರೆ ಮಾತ್ರ ಓಡುವ ಮೆಷಿನ್ ಕಡ್ಡಾಯ ಅಂತ ನಂತರ ಓದಿದೆ. ಅಂಥದ್ದೇ ಕೇಳಿ ತೆಗೆದುಕೊಳ್ಳಿ. ಬೇಗ ಆಗುತ್ತದೆ, ತಡ ಆಗುತ್ತದೆ ಅನ್ನುವ ಲೆಕ್ಕ ಎಲ್ಲ ಆಮೇಲೆ.

ಬೈಕಂಪಾಡಿ ವರ್ಕ್‌ಶಾಪ್

ಅಕ್ಕ, ಓದಿ ತುಂಬ ನೋವಾಯಿತು. ನೀವು ಹೇಳಿದ್ದು ಇಲ್ಲಿಯ ಎಲ್ಲ ಮಾತಿಗಿಂತ ಮುಖ್ಯ. ಅಣ್ಣನ ಕೈ ಈಗ ಹೇಗಿದೆ?

ಅದಕ್ಕೆ ಎರಡು ಸೇರಿಸುತ್ತೇನೆ. ಕೈನೆಟಿಕ್‌ನಲ್ಲಿ ಎಂಜಿನ್ ಆಫ್ ಮಾಡಿದ ಮೇಲೂ ಚಕ್ರ ಸುಮಾರು ಹೊತ್ತು ತಿರುಗುತ್ತದೆ. ಶಬ್ದ ನಿಂತಿತು ಅಂತ ಸಿಕ್ಕಿಬಿದ್ದ ತುಂಡಿಗೆ ಕೈ ಹಾಕಬಾರದು. ಚಕ್ರ ಪೂರ್ತಿ ನಿಂತದ್ದನ್ನು ಕಣ್ಣಿನಿಂದ ನೋಡಿ.

ಹೈಡ್ರಾಲಿಕ್‌ನಲ್ಲಿ ಬೇರೆ ಅಪಾಯ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಆಯಿಲ್ 200 ಬಾರ್ ಒತ್ತಡದಲ್ಲಿ ಹೊರಗೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆ. ಎಲ್ಲಿ ಸೋರುತ್ತಿದೆ ಅಂತ ಕೈಯಿಂದ ಸವರಿ ನೋಡಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ. ಜನ ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಆಯಿಲ್ ಒಳಗೆ ಹೋಗಿದೆ ಅಂತಲೇ ಡಾಕ್ಟರಿಗೆ ಹೇಳಿ. ಆಪರೇಷನ್ ತಡವಾದರೆ ಬೆರಳೇ ತೆಗೆಯಬೇಕಾಗಬಹುದು. ಸೋರುವುದನ್ನು ನೋಡಲು ರಟ್ಟಿನ ತುಂಡು ಹಿಡಿಯಿರಿ, ಅದೂ ದೂರದಿಂದ.

ಹೆಬ್ರಿ ಮನೆ

ಈಗ ಗಾಯ ಒಣಗಿದೆ ತಮ್ಮ. ಅಡಿಕೆ ಸುಲಿಯಲು ಮಾತ್ರ ಕಷ್ಟ ಆಗುತ್ತದೆ. ಕೇಳಿದ್ದಕ್ಕೆ ಸಂತೋಷ.

ಕುಂದಾಪುರ ಗದ್ದೆಮನೆ

ಸ್ಕ್ರೂ ನಮೂನೆಯ ಮೆಷಿನ್ ಬಗ್ಗೆ ಯಾರೂ ಹೇಳಲಿಲ್ಲ. ತಿರುಗುವ ಕೋನ್ ಇರುತ್ತದೆ, ಮರವನ್ನು ಅದಕ್ಕೆ ತಾಗಿಸಿದರೆ ತಾನೇ ಒಳಗೆ ಎಳೆದುಕೊಂಡು ಸೀಳುತ್ತದೆ. ಬೆಲೆ ಇವೆರಡಕ್ಕಿಂತ ಕಡಿಮೆ. ಹೇಗೆ?

ಬೈಕಂಪಾಡಿ ವರ್ಕ್‌ಶಾಪ್

ಬೇಡ. ಮರದ ಜೊತೆ ಲುಂಗಿಯನ್ನೂ, ಅಂಗಿಯ ತೋಳನ್ನೂ ಎಳೆದುಕೊಳ್ಳುತ್ತದೆ. ಕೋನ್ ಸಿಕ್ಕಿಬಿದ್ದರೆ ಇಡೀ ತುಂಡೇ ಗಿರ್ರನೆ ತಿರುಗಿ ಬಡಿಯುತ್ತದೆ. ನಾನು ಅದನ್ನು ಮಾಡಿಕೊಡುವುದಿಲ್ಲ.

ಬೆಳ್ಮಣ್ಣು ತೋಟ

ಹೆಬ್ರಿ ಅಕ್ಕನ ಮಾತು ಅಮ್ಮನಿಗೂ ಓದಿ ಹೇಳಿದೆ. ಎರಡು ಕೈಯ ಹಿಡಿಕೆ ಇಲ್ಲದ್ದು ಮನೆಗೆ ಬರುವುದು ಬೇಡ ಅಂದರು.

ಇನ್ನೂ ಎರಡು ಸಂಶಯ ಇದೆ. ನಮ್ಮಲ್ಲಿ ಸಿಂಗಲ್ ಫೇಸ್ ಕರೆಂಟ್, ಸಂಜೆ ವೋಲ್ಟೇಜ್ ಇಳಿಯುತ್ತದೆ. ಮೋಟಾರಿನ ಮೆಷಿನ್ ನಡೆಯುತ್ತದೆಯೇ? ಇನ್ನೊಂದು, ನಮ್ಮ ಕರಾವಳಿಯ ಹವೆಗೆ ಹೈಡ್ರಾಲಿಕ್ ಬಾಳಿಕೆ ಬರುತ್ತದೆಯೇ? ಮಳೆಗಾಲದಲ್ಲಿ ನಮ್ಮ ಮನೆಯ ಬೀಗದ ಕೈಗೂ ತುಕ್ಕು ಹಿಡಿಯುತ್ತದೆ.

ಬೈಕಂಪಾಡಿ ವರ್ಕ್‌ಶಾಪ್

ವೋಲ್ಟೇಜ್ ಇಳಿಯುವ ಕಡೆ ಮೋಟಾರ್ ಬೇಡ. ಹೈಡ್ರಾಲಿಕ್ ಮೋಟಾರ್ ಜೋರಾಗಿ ಒತ್ತುವಾಗ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕಡಿಮೆ ಇದ್ದರೆ ಇನ್ನೂ ಜಾಸ್ತಿ ಎಳೆದು ಬಿಸಿಯಾಗಿ ಸುಡುತ್ತದೆ. ಫ್ಲೈವೀಲ್‌ಗೂ ಶುರುವಿನಲ್ಲಿ ಕಷ್ಟ, ಅಷ್ಟು ಭಾರದ ಚಕ್ರ ವೇಗಕ್ಕೆ ಬರುವವರೆಗೆ ಮೋಟಾರ್ ಏದುಸಿರು ಬಿಡುತ್ತದೆ. ನಿಮಗೆ ಪೆಟ್ರೋಲ್ ಎಂಜಿನ್ ಒಳ್ಳೆಯದು. ಗುಡ್ಡೆಗೂ ಒಯ್ಯಬಹುದು. ದಿಮ್ಮಿಯನ್ನು ಅಂಗಳಕ್ಕೆ ತರುವುದಕ್ಕಿಂತ ಮೆಷಿನನ್ನು ದಿಮ್ಮಿಯ ಹತ್ತಿರ ಒಯ್ಯುವುದು ಸುಲಭ.

ತುಕ್ಕಿನ ವಿಷಯ ಕೇಳಿದ್ದು ಒಳ್ಳೆಯದಾಯಿತು. ಇಲ್ಲಿ ಹೈಡ್ರಾಲಿಕ್ ಹಾಳಾಗುವುದು ಕೆಲಸ ಮಾಡಿ ಅಲ್ಲ, ಸುಮ್ಮನೆ ನಿಂತು. ಪಿಸ್ಟನ್ ರಾಡಿನ ಮೇಲೆ ಕ್ರೋಮ್ ಇರುತ್ತದೆ. ರಾಡ್ ಹೊರಗೆ ಚಾಚಿದ ಹಾಗೇ ಬಿಟ್ಟು ಮಳೆಗಾಲ ಕಳೆದರೆ ಉಪ್ಪಿನ ಗಾಳಿಗೆ ಕ್ರೋಮಿನ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಮುಂದಿನ ವರ್ಷ ಆ ಗುಳಿಗಳು ಸೀಲನ್ನು ಅರದ ಹಾಗೆ ತಿನ್ನುತ್ತವೆ. ನೀವು ಸೀಲ್ ಹಾಳು ಅಂತ ತರುತ್ತೀರಿ, ನಿಜಕ್ಕೂ ಹಾಳಾದದ್ದು ರಾಡ್. ಕೆಲಸ ಮುಗಿದ ಮೇಲೆ ರಾಡನ್ನು ಪೂರ್ತಿ ಒಳಗೆ ಎಳೆದಿಡಿ. ಹೊರಗೆ ಉಳಿದ ತುದಿಗೆ ಗ್ರೀಸ್ ಸವರಿ.

ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಅಂತ ಅರ್ಥ. ತಡ ಮಾಡದೆ ಬದಲಾಯಿಸಿ. ನಮ್ಮ ಸೆಕೆಗೆ 46 ಅಥವಾ 68 ನಂಬರಿನ ಹೈಡ್ರಾಲಿಕ್ ಆಯಿಲ್ ಹಾಕುತ್ತಾರೆ, ಮೆಷಿನ್ ಪುಸ್ತಕ ನೋಡಿ ಹಾಕಿ. ಎಂಜಿನ್ ಆಯಿಲ್ ಸುರಿಯಬೇಡಿ.

ಕೈನೆಟಿಕ್‌ಗೆ ಈ ಕಾಟ ಕಡಿಮೆ, ಒಪ್ಪುತ್ತೇನೆ. ಹಲ್ಲು, ಬೇರಿಂಗ್, ಸ್ಪ್ರಿಂಗ್ ನೋಡಿಕೊಂಡರೆ ಸಾಕು.

ಪುತ್ತೂರು ನೆರೆಕರೆ

ನಾನು ಬೇರೆ ಕಡೆಯಿಂದ ನೋಡುತ್ತೇನೆ. ಒಂದು ಮನೆಗೆ ವರ್ಷಕ್ಕೆ ಎಷ್ಟು ದಿನ ಈ ಮೆಷಿನ್ ಬೇಕು? ನಮ್ಮಲ್ಲಿ ಲೆಕ್ಕ ಹಾಕಿದೆವು, ಆರು ದಿನ. ಉಳಿದ ದಿನವೆಲ್ಲ ಕೊಟ್ಟಿಗೆಯಲ್ಲಿ. ಹಾಗಾಗಿ ನಾಲ್ಕು ಮನೆ ಸೇರಿ ಒಂದು ಹೈಡ್ರಾಲಿಕ್ ತೆಗೆದುಕೊಂಡೆವು. ಒಂದು ಪುಸ್ತಕ ಇಟ್ಟಿದ್ದೇವೆ. ಯಾರು ಒಯ್ದರು, ಎಷ್ಟು ಗಂಟೆ ಓಡಿಸಿದರು, ಆಯಿಲ್ ಎಷ್ಟಿತ್ತು ಎಲ್ಲ ಬರೆಯುತ್ತೇವೆ. ಮೂರು ವರ್ಷ ಆಯಿತು, ಮನಸ್ತಾಪ ಬಂದಿಲ್ಲ.

ವೇಗದ ಬಗ್ಗೆ ಇಷ್ಟು ಮಾತಾಯಿತಲ್ಲ. ನಾವು ಒಂದು ದಿನ ಗಡಿಯಾರ ಹಿಡಿದು ನೋಡಿದೆವು. ಪಿಸ್ಟನ್ ಹೋಗಿ ಬರಲು 14 ಸೆಕೆಂಡ್. ಆದರೆ ಅಷ್ಟರಲ್ಲಿ ನಾನು ಒಡೆದ ಹೋಳನ್ನು ಬದಿಗೆ ಎಸೆದು, ಮುಂದಿನ ತುಂಡನ್ನು ಉರುಳಿಸಿ ತಂದು, ಸೊಂಟ ನೆಟ್ಟಗೆ ಮಾಡುವಾಗ 12 ಸೆಕೆಂಡ್ ಆಗಿರುತ್ತದೆ. ನಾನು ಮೆಷಿನ್‌ಗೆ ಕಾಯುವುದು ಎರಡು ಸೆಕೆಂಡ್. ಮೂರು ಸೆಕೆಂಡಿನ ಮೆಷಿನ್ ಇದ್ದರೆ ಅದು ನನಗೆ ಕಾಯುತ್ತದೆ.

ಇನ್ನೊಂದು, ನಮ್ಮದನ್ನು ನೆಟ್ಟಗೆ ನಿಲ್ಲಿಸಬಹುದು. ಎತ್ತಲಾಗದ ಬುಡದ ತುಂಡನ್ನು ಉರುಳಿಸಿ ಬೆಣೆಯ ಕೆಳಗೆ ಇಟ್ಟರೆ ಆಯಿತು. ಐವತ್ತು ದಾಟಿದವರಿಗೆ ಇದೇ ದೊಡ್ಡ ಉಪಕಾರ.

ಸುಳ್ಯ ರಬ್ಬರ್

ನಮ್ಮದು ಸಣ್ಣ ಕೊಂಬೆ, ಎರಡು ಕೆಜಿ ಮೂರು ಕೆಜಿಯದ್ದು. ಎತ್ತಿ ಇಡಲು ನಾಲ್ಕು ಸೆಕೆಂಡ್ ಸಾಕು. ಹಾಗಾಗಿ ನನಗೆ ವೇಗ ಸಿಗುತ್ತದೆ. ನಿಮ್ಮ ಬುಡದ ತುಂಡಿಗೆ ಆ ಲೆಕ್ಕ ಬರುವುದಿಲ್ಲ, ಈಗ ಗೊತ್ತಾಯಿತು. ಬೆಳ್ಮಣ್ಣಿನವರೇ, ನಿಮ್ಮ ಮರವನ್ನೇ ತಂದು ನನ್ನ ಮೆಷಿನ್‌ನಲ್ಲಿ ನೋಡಿ. ಊಟಕ್ಕೂ ಇರಿ.

ಬೆಳ್ಮಣ್ಣು ತೋಟ

ಎಲ್ಲರಿಗೂ ಮತ್ತೆ ನಮಸ್ಕಾರ. ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಹೆಂಡತಿಯ ತವರು ಸುಳ್ಯದ ಹತ್ತಿರವೇ. ಹೋಗುವಾಗ ಕಾರಿನ ಡಿಕ್ಕಿಯಲ್ಲಿ ನಾಲ್ಕು ತುಂಡು ಹಾಕಿಕೊಂಡು ಹೋದೆ. ನೆಟ್ಟನೆಯ ಗೇರು, ಕವಲಿನ ಗೇರು, ಮಾವು, ಹುಣಸೆ. ನೆಟ್ಟನೆಯ ಗೇರು ಒಂದೇ ಏಟಿಗೆ ಎರಡಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ. ನಿಜಕ್ಕೂ ಖುಷಿಯಾಯಿತು. ಮಾವು ಎರಡು ಏಟಿಗೆ. ಕವಲಿನದ್ದು ಮೂರಕ್ಕೆ, ಅದೂ ಓರೆಯಾಗಿ ಸೀಳಿತು. ಹುಣಸೆಗೆ ಮೂರು ಏಟು ಹಾಕಿದೆವು. ಬೆಣೆ ಅರ್ಧ ಒಳಗೆ ಹೋಗಿ ಕೂತಿತು. ಅಣ್ಣ ಎಂಜಿನ್ ನಿಲ್ಲಿಸಿ, ಚಕ್ರ ನಿಲ್ಲುವವರೆಗೆ ಕಾದು, ಸುತ್ತಿಗೆಯಿಂದ ಬಡಿದು ಬಿಡಿಸಲು ಹದಿನೈದು ನಿಮಿಷ ಬೇಕಾಯಿತು. ಅವರು ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ಊಟಕ್ಕೆ ಪತ್ರೊಡೆ ಇತ್ತು, ಇಲ್ಲಿಂದಲೇ ಅತ್ತಿಗೆಗೆ ನಮಸ್ಕಾರ ಹೇಳುತ್ತೇನೆ.

ಮರುವಾರ ಅಂಥವೇ ನಾಲ್ಕು ತುಂಡು ಬೈಕಂಪಾಡಿಗೆ ಒಯ್ದೆ. ರಿಪೇರಿ ಮುಗಿದು ನಿಂತಿದ್ದ ಒಂದು ಹೈಡ್ರಾಲಿಕ್‌ನಲ್ಲಿ, ಅದರ ಯಜಮಾನರನ್ನು ಕೇಳಿಯೇ ನೋಡಿದೆವು. 100 ಮಿಲಿಮೀಟರ್ ಸಿಲಿಂಡರ್, ನಾನೇ ಅಳೆದೆ. ನೆಟ್ಟನೆಯ ಗೇರಿಗೆ ಅದು ನಿಧಾನವೇ. ಆದರೆ ಹುಣಸೆ ಇಟ್ಟಾಗ ನೋಡಬೇಕಿತ್ತು. ಬೆಣೆ ತಾಗಿತು. ಎಂಜಿನ್ನಿನ ಶಬ್ದ ದಪ್ಪವಾಯಿತು. ಮರ ಕಿರ್ ಕಿರ್ ಅನ್ನುತ್ತಾ ಇತ್ತು, ಬೆಣೆ ಮಾತ್ರ ನಿಲ್ಲದೆ ಹೋಗುತ್ತಲೇ ಇತ್ತು. ಇಪ್ಪತ್ತು ಸೆಕೆಂಡ್ ಹಿಡಿದಿರಬೇಕು. ಒಡೆಯಿತು ಅನ್ನುವುದಕ್ಕಿಂತ ಹರಿಯಿತು ಅನ್ನಬೇಕು. ನಡುವೆ ಹಗ್ಗದ ಹಾಗೆ ಉಳಿದ ನಾರನ್ನು ಕೊಡಲಿಯಿಂದ ಕಡಿದೆವು. ಟೀಚರ್ ಬರೆದದ್ದು ಆಗ ಕಣ್ಣಿಗೆ ಕಂಡಿತು.

ಪುತ್ತೂರಿನವರು ಹೇಳಿದ ಹಾಗೆ ಪಕ್ಕದ ಎರಡು ಮನೆಯವರನ್ನು ಸೇರಿಸಿಕೊಂಡೆ. ಪೆಟ್ರೋಲ್ ಎಂಜಿನ್, ಎರಡು ಹಂತದ ಪಂಪ್, ಎರಡು ಕೈಯ ಹಿಡಿಕೆ, ನೆಟ್ಟಗೆ ನಿಲ್ಲಿಸುವ ನಮೂನೆಯ ಹೈಡ್ರಾಲಿಕ್ ಬಂತು. ನಮ್ಮ ಗುಡ್ಡೆಯಲ್ಲಿ ರಬ್ಬರ್ ಇದ್ದಿದ್ದರೆ ಖಂಡಿತ ಸುಳ್ಯದ ಅಣ್ಣನ ಮೆಷಿನ್ನೇ ತರುತ್ತಿದ್ದೆ.

ಮೊದಲ ದಿನ ಅಜ್ಜನನ್ನು ಕರೆದೆ. ಕೆಲಸಕ್ಕಲ್ಲ, ಕೂತು ನೋಡಲಿಕ್ಕೆ. ಮುರಕಲ್ಲಿನ ಕಟ್ಟೆಯ ಮೇಲೆ ದೂರದಲ್ಲಿ ಕೂತರು. ಹತ್ತು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಅಲ್ಲಿಂದಲೇ ಹೇಳಲು ಶುರು ಮಾಡಿದರು. ಕವಲಿನ ತುಂಡನ್ನು ಕವಲಿನ ಕಡೆಯಿಂದ ಇಡಬೇಡ, ಬುಡದ ಕಡೆಯಿಂದ ಇಡು. ದೊಡ್ಡದನ್ನು ನಡುವೆ ಸೀಳಬೇಡ, ಅಂಚಿನಿಂದ ಸುತ್ತ ಸುಲಿಯುತ್ತಾ ಬಾ. ಬಿಸಿಲಿಗೆ ಬಿರುಕು ಬಿಟ್ಟಿದೆ ನೋಡು, ಬೆಣೆಯನ್ನು ಆ ಗೆರೆಗೆ ಕೂರಿಸು. ಅವರು ಹೇಳಿದ ಹಾಗೆ ಇಟ್ಟಾಗ ಎಂಜಿನ್ನಿನ ಶಬ್ದವೇ ಹಗುರವಾಗುತ್ತಿತ್ತು. ಮೂವತ್ತು ವರ್ಷದ ಕೈಗೆ ಗೊತ್ತಿದ್ದದ್ದು ಮೆಷಿನ್‌ಗೂ ಬೇಕಾಯಿತು.

ಉಡುಪಿ ಅಡುಗೆ

ಓದಿ ಸಂತೋಷವಾಯಿತು. ಹುಣಸೆ ಪೂರ್ತಿ ಮುಗಿಯಿತೇ? ಚೆನ್ನಾಗಿ ಒಣಗಿದ ಹುಣಸೆ ಕೆಂಡ ತುಂಬ ಹೊತ್ತು ನಿಲ್ಲುತ್ತದೆ. ಜಾಸ್ತಿ ಇದ್ದರೆ ಮುಂದಿನ ಬೇಸಿಗೆಯ ಕಾರ್ಯಕ್ರಮಗಳಿಗೆ ನಾನು ತೆಗೆದುಕೊಳ್ಳುತ್ತೇನೆ.

ಬೆಳ್ಮಣ್ಣು ತೋಟ

ನಿಮಗೆ ಒಂದು ಪಿಕಪ್ ಆಗುವಷ್ಟು ಎತ್ತಿಡುತ್ತೇನೆ. ಬುಡದ ಎರಡು ದೊಡ್ಡ ತುಂಡು ಮಾತ್ರ ಒಡೆಯಲಿಲ್ಲ. ಮೆಷಿನ್ ಹತ್ತಿರ ಉರುಳಿಸಿಕೊಂಡು ಹೋಗುವಾಗ ಅಜ್ಜ ಕಟ್ಟೆಯಿಂದ ಎದ್ದು ಬಂದು ಕೈ ಅಡ್ಡ ಹಿಡಿದರು. "ಅದನ್ನು ಹಾಗೇ ಬಿಡು ಮಗಾ, ಮೀನಿನವರಿಗೆ ಕೊಚ್ಚುವ ಕೊರಡಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ" ಅಂದರು. ಒಂದು ಬೆಳ್ಮಣ್ಣಿನ ಮೀನು ಮಾರುಕಟ್ಟೆಗೆ ಹೋಯಿತು. ಇನ್ನೊಂದು ನೆರಳಿನಲ್ಲಿ ಒಣಗುತ್ತಿದೆ.